ಹುಳದ ಹೆಸರಿಗಿಂತ ಮೊದಲು ಚಿಗುರಿನ ವಯಸ್ಸು ಕೇಳಿ

ಮಾನ್ಯ ಸಂಪಾದಕರೇ,

ಮುಂಗಾರು ಕಾಲಿಟ್ಟಿತೆಂದರೆ ಪತ್ರಿಕೆಗಳ ಕೃಷಿ ಪುಟದಲ್ಲಿ ನಿಂಬೆ, ಮೋಸಂಬಿ ಕೀಟಗಳ ಬರಹ ತಪ್ಪದೆ ಬರುತ್ತದೆ. ಎಡಕ್ಕೆ ಹುಳದ ಹೆಸರು, ಬಲಕ್ಕೆ ಔಷಧದ ಹೆಸರು, ಕೆಳಗೆ ಲೀಟರಿಗೆ ಇಷ್ಟು ಮಿಲಿ. ಗೊಬ್ಬರದ ಅಂಗಡಿಯ ಚೀಟಿಯದ್ದೂ ಇದೇ ಧಾಟಿ. ಪಟ್ಟಿ ಸುಳ್ಳಲ್ಲ. ಆದರೆ ಹುಳ ಬಂದಾಗ ಗಿಡದ ಎಲೆ ಯಾವ ಸ್ಥಿತಿಯಲ್ಲಿತ್ತು ಎಂಬ ಮಾತೇ ಅದರಲ್ಲಿ ಇರುವುದಿಲ್ಲ. ಅಫಜಲಪುರ, ಆಳಂದ ಕಡೆಯ ಲಿಂಬಿ ತೋಟಗಳಲ್ಲಿ ಮೇಲಿಂದ ಮೇಲೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೂ ಎಲೆ ಮುಟುರುವುದು ನಿಲ್ಲದಿದ್ದರೆ ಔಷಧವನ್ನು ಬೈಯುವ ಮುಂಚೆ ಗಿಡದ ಎಲೆಯನ್ನೊಮ್ಮೆ ಬಿಡಿಸಿ ನೋಡಬೇಕು.

ಬೆಳಗ್ಗೆ ತೋಟಕ್ಕೆ ಹೋಗಿ ಒಂದು ಟೊಂಗೆಯ ತುದಿ ಕೈಯಲ್ಲಿ ಹಿಡಿಯಿರಿ. ಮೊದಲು ಕಾಣುವುದು ಬೆಂಕಿಕಡ್ಡಿಯ ತಲೆಯಷ್ಟಿರುವ ಮೊಗ್ಗು. ಅದು ಒಡೆದ ಮೇಲೆ ಎಲೆಗಳು ಕೈಮುಗಿದಂತೆ ಮಡಚಿಕೊಂಡೇ ಮೇಲೇಳುತ್ತವೆ. ಆಮೇಲೆ ಬಿಚ್ಚಿಕೊಂಡು ಎಳೆಹಸಿರಾಗಿ ಜೋತುಬೀಳುತ್ತವೆ, ಮುಟ್ಟಿದರೆ ಒದ್ದೆ ಬಟ್ಟೆಯ ಹಾಗೆ ಬಾಗುತ್ತವೆ. ಎರಡು ಮೂರು ವಾರ ಕಳೆದರೆ ಬಣ್ಣ ಗಾಢವಾಗಿ, ಎಲೆ ಸೆಟೆದು ನಿಂತು, ಬೆರಳ ನಡುವೆ ಮಡಚಿದರೆ ಲಟ್ ಎಂದು ಮುರಿಯುತ್ತದೆ. ಚಳಿಗಾಲದಲ್ಲಿ ಈ ಬಲಿಯುವಿಕೆ ಇನ್ನಷ್ಟು ತಡ. ಮೊಗ್ಗಿನಿಂದ ಈ 'ಲಟ್' ತನಕದ ದಿನಗಳಲ್ಲೇ ನಿಂಬೆಯ ಮುಕ್ಕಾಲು ಕೀಟಗಳ ಸಂಸಾರ ನಡೆಯುವುದು.

ರಂಗೋಲಿ ಹುಳುವನ್ನೇ ತೆಗೆದುಕೊಳ್ಳಿ. ಇದರ ಪತಂಗ ಎರಡು ಮಿಲಿಮೀಟರ್ ಉದ್ದದ್ದು, ರಾತ್ರಿ ಹಾರುವಂಥದ್ದು. ಮೊಟ್ಟೆ ಇಡುವುದು ಆಗಷ್ಟೇ ಬಿಚ್ಚಿಕೊಳ್ಳುವ ಎಲೆಯ ಮೇಲೆ, ಹೆಚ್ಚಾಗಿ ಕೆಳಮೈಯಲ್ಲಿ ನಡುನರದ ಪಕ್ಕ. ಮರಿಹುಳು ಎಲೆಯ ಮೇಲುಸಿಪ್ಪೆಯ ಅಡಿ ಹೊಕ್ಕು ರಸ ಹೀರುತ್ತ ಸಾಗಿದಂತೆ ಬೆಳ್ಳಿಯಂಥ ಹಾದಿ ಮೂಡುತ್ತದೆ. ಕಣ್ಣಿಟ್ಟು ನೋಡಿದರೆ ಆ ಹಾದಿಯ ನಡುವೆ ಸಣ್ಣ ಕಪ್ಪು ಗೆರೆ ಕಾಣುತ್ತದೆ, ಅದು ಅದರ ಹಿಕ್ಕೆ. ಕೊನೆಗೆ ಎಲೆಯ ಅಂಚು ಮಡಚಿಕೊಂಡು ಒಳಗೇ ಕೋಶವಾಗುತ್ತದೆ. ಬಲಿತ ಎಲೆಯ ಸಿಪ್ಪೆಯಡಿ ಈ ಹುಳುವಿಗೆ ಬದುಕಿಲ್ಲ. ಆದ್ದರಿಂದ ಅಂಚು ಮಡಚಿದ, ಬಲಿತ ಎಲೆ ನೋಡಿ ಎಣ್ಣೆ ಹೊಡೆದರೆ ದುಡ್ಡೂ ಹೋಯಿತು, ಹುಳವೂ ಹೋಗಿಯಾಗಿತ್ತು.

ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟ ಇನ್ನೂ ಹಟಮಾರಿ. ಬೆಳೆದ ಹುಳ ಬಲಿತ ಎಲೆಯ ಮೇಲೂ ಬದುಕುತ್ತದೆ. ತಲೆ ಕೆಳಗೆ, ಹಿಂಭಾಗ ಮೇಲೆ ಎತ್ತಿ ಕೂತಿರುವ ಭಂಗಿಯಿಂದಲೇ ಗುರುತು ಸಿಗುತ್ತದೆ. ಆದರೆ ಮೊಟ್ಟೆಗೆ ಮಾತ್ರ ಆ ಕೈಮುಗಿದ ಎಲೆಯ ಮಡಿಕೆಯೇ ಬೇಕು. ಅಲ್ಲಿ ಹಳದಿ ಬಣ್ಣದ, ಬಾದಾಮಿ ಆಕಾರದ ಮೊಟ್ಟೆ ಸಿಕ್ಕಿಸುತ್ತದೆ. ಒಂದು ಹೆಣ್ಣು 800ರ ತನಕ ಮೊಟ್ಟೆ ಇಡಬಲ್ಲದು. ಚಿಗುರಿಲ್ಲದಿದ್ದರೆ ಒಂದೂ ಇಲ್ಲ. ಕಪ್ಪು ನೊಣ ಎಳೆಯ ಎಲೆಯ ಕೆಳಗೆ ಸುರುಳಿಯಾಗಿ ಮೊಟ್ಟೆ ಇಡುತ್ತದೆ. ಹಕ್ಕಿಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳುವಿಗೂ, ಗಿಡಹೇನಿಗೂ ಬೇಕಿರುವುದು ಮೆತ್ತನೆಯ ತುದಿಯೇ.

ಕಾರಣ ಸರಳ. ಕೀಟದ ಮೈಯ ಒಣತೂಕದಲ್ಲಿ ಸಾರಜನಕ ನೂರಕ್ಕೆ 7ರಿಂದ 14 ಪಾಲು ಇರುತ್ತದೆ. ಗಿಡದ ರಸದಲ್ಲಿ ಸಕ್ಕರೆ ಧಾರಾಳ, ಸಾರಜನಕ ಅತಿ ಕಡಿಮೆ. ಮೈ ಬೆಳೆಸಲು ಬೇಕಾದಷ್ಟು ಸಾರಜನಕ ಸಿಗಬೇಕೆಂದರೆ ರಸ ಹೀರುವ ಹುಳ ಬಿಂದಿಗೆಗಟ್ಟಲೆ ಕುಡಿಯಬೇಕು, ಬೇಡವಾದ ಸಕ್ಕರೆಯನ್ನು ಹೊರಹಾಕಬೇಕು. ಎಲೆಯ ಮೇಲಿನ ಅಂಟು, ಅದಕ್ಕೆ ಮುತ್ತುವ ಇರುವೆ, ಆಮೇಲೆ ಹತ್ತುವ ಕಾಡಿಗೆಯಂಥ ಕಪ್ಪು ಬೂಷ್ಟು, ಎಲ್ಲವೂ ಇದರ ಬೆನ್ನಿಗೇ ಬರುತ್ತವೆ. ಎಳೆಯ ಚಿಗುರಿನಲ್ಲಿ ಸಾರಜನಕ ಇನ್ನೂ ಗಟ್ಟಿ ಅಂಗಾಂಶವಾಗಿ ಕೂಡಿಕೊಂಡಿರುವುದಿಲ್ಲ, ಅಮೈನೋ ಆಮ್ಲಗಳಾಗಿ ರಸದಲ್ಲಿ ತೇಲುತ್ತಿರುತ್ತದೆ. ಎಲೆಯ ಸಿಪ್ಪೆಯೂ ತೆಳು. ಪೊಟ್ಯಾಷ್ ಕಡಿಮೆ ಬಿದ್ದ ಗಿಡದಲ್ಲಿ ಅಮೈನೋ ಆಮ್ಲ ಪ್ರೋಟೀನ್ ಆಗುವುದೇ ನಿಧಾನ, ಹಾಗಾಗಿ ರಸ ಇನ್ನಷ್ಟು ದಿನ ಹುಳಕ್ಕೆ ಹಬ್ಬದೂಟ. ಬರೀ ಯೂರಿಯಾ ಸುರಿದು ಪೊಟ್ಯಾಷ್ ಮರೆತ ತೋಟ ಕಪ್ಪುಹಸಿರಾಗಿ ಸೊಂಪಾಗಿ ಕಾಣುತ್ತದೆ. ದಾರಿಹೋಕರು ಹೊಗಳುವುದು ಅದನ್ನೇ, ಹುಳ ಹುಡುಕಿಕೊಂಡು ಬರುವುದೂ ಅಲ್ಲಿಗೇ.

ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಫಸಲಿಗೆ ಬಂದ ಗಿಡವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 300 ಗ್ರಾಂ ಪೊಟ್ಯಾಷ್ ಬೇಕೆಂದು ಇಟ್ಟುಕೊಳ್ಳಿ. ಗಿಡದ ವಯಸ್ಸು, ಮಣ್ಣು, ಫಸಲು ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಹಾಗಾಗಿ 500 ಗ್ರಾಂಗೆ ಒಂದು ಕಿಲೋ ಮೇಲೆ ಯೂರಿಯಾ ಎಂದು ಲೆಕ್ಕ ಹಾಕಿ, ಮೊದಲ ಮಳೆಗೆ ಒಂದೇ ಸಲ ಬುಡಕ್ಕೆ ಸುರಿಯುವುದು ರೂಢಿ. ಆದರೆ 25 ಕಿಲೋ ತಿಪ್ಪೆಗೊಬ್ಬರದಲ್ಲೇ ಸುಮಾರು 125 ಗ್ರಾಂ ಸಾರಜನಕ ಇರುತ್ತದೆ. ಅದೆಲ್ಲ ಅದೇ ವರ್ಷ ಸಿಗದು, ನಿಜ. ವರ್ಷವರ್ಷ ತಿಪ್ಪೆಗೊಬ್ಬರ ಬೀಳುವ ತೋಟದಲ್ಲಿ ಹಳೆಯದರ ಪಾಲು ಸೇರಿ ಲೆಕ್ಕ ಸರಿಹೋಗುತ್ತದೆ. ರಂಜಕಕ್ಕೆಂದು ಹಾಕುವ 435 ಗ್ರಾಂ ಡಿಎಪಿಯಲ್ಲಿ 78 ಗ್ರಾಂ ಸಾರಜನಕ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವೆರಡನ್ನೂ ಕಳೆದರೆ ಯೂರಿಯಾದಿಂದ ಬರಬೇಕಾದ್ದು 297 ಗ್ರಾಂ, ಅಂದರೆ ಸುಮಾರು 650 ಗ್ರಾಂ ಯೂರಿಯಾ ಸಾಕು. ಅದನ್ನೂ ಮೂರು ನಾಲ್ಕು ಕಂತು ಮಾಡಬೇಕು. ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇದ್ದರೆ ಅದೂ ಸೇರಿತು. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು ವರ್ಷಕ್ಕೆ 10 ಸಾವಿರ ಲೀಟರ್ ಕುಡಿದ ಗಿಡಕ್ಕೆ ಪುಕ್ಕಟೆಯಾಗಿ 100 ಗ್ರಾಂ ಸಾರಜನಕ ಸಿಕ್ಕಿರುತ್ತದೆ.

ಪೊಟ್ಯಾಷ್ ವಿಷಯದಲ್ಲಿ ನಮ್ಮ ಎರೆಭೂಮಿಗೆ ಒಂದು ಮಾತು. ನಿಂಬೆ ಜಾತಿಗೆ ಕ್ಲೋರೈಡ್ ಆಗಿಬರುವುದಿಲ್ಲ. ನೀರು ಸವಳಾಗಿರುವ ಕಡೆ ಕ್ಲೋರೈಡ್ ಇರುವ ಕೆಂಪು ಪೊಟ್ಯಾಷ್ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಷ್ ಹಾಕುವುದೇ ವಾಸಿ. 300 ಗ್ರಾಂಗೆ 600 ಗ್ರಾಂ ಬೇಕು. ಬೆಲೆ ಹೆಚ್ಚು, ಹೌದು.

ಚಿಗುರೇ ಬರದಂತೆ ಮಾಡುವ ಮಾತಲ್ಲ ಇದು, ಚಿಗುರದಿದ್ದರೆ ಹೂವೂ ಇಲ್ಲ. ಎಲ್ಲ ಗಿಡ ಒಟ್ಟಿಗೆ ಚಿಗುರಿ ಒಟ್ಟಿಗೆ ಬಲಿಯಬೇಕು. ಇವತ್ತು ಈ ಸಾಲು, ಹತ್ತು ದಿನ ಬಿಟ್ಟು ಆ ಸಾಲು ಎಂದು ಚಿಗುರು ಹರಿದು ಹಂಚಿಹೋದರೆ ಹುಳಕ್ಕೆ ಮನೆ ಬದಲಿಸುವ ಕೆಲಸವಷ್ಟೇ. ಚಿಗುರನ್ನು ಹೀಗೆ ಚೂರುಚೂರು ಮಾಡುವುದು ಮೂರು: ಆಗಾಗ ಕತ್ತರಿ ಹಾಕುವುದು, ಆಗಾಗ ಚಿಟಿಕೆ ಚಿಟಿಕೆ ಯೂರಿಯಾ ಕೊಡುವುದು, ಮಳೆಗಾಲದಲ್ಲೂ ಡ್ರಿಪ್ ನಿಲ್ಲಿಸದಿರುವುದು. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಡ್ರಿಪ್ಪರ್ ಪಕ್ಕ ಒಂದು ಅಡಿ ಅಗೆದು ಮಣ್ಣನ್ನು ಮುಷ್ಟಿ ಕಟ್ಟಿ. ಉಂಡೆಯಾಗಿ ಬೆರಳಿಗೆ ಅಂಟಿದರೆ ನೀರು ಬೇಡ. ಉಂಡೆಯಾಗಿಯೂ ಬೆರಳು ಸ್ವಚ್ಛವಾಗಿದ್ದರೆ ನಾಳೆ ಕೊಡಿ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಈ ಲೆಕ್ಕ ನಡೆಯದು, ಅದು ಬೇಗ ಬಸಿದುಹೋಗುತ್ತದೆ. ಅಲ್ಲಿ ಕಡಿಮೆ ನೀರನ್ನು ಹೆಚ್ಚು ಸಲ ಕೊಡಬೇಕು.

ಕಾಂಡದಿಂದ ನೆಟ್ಟಗೆ ಏಳುವ, ಉದ್ದ ಮುಳ್ಳಿನ ನೀರು ಚಿಗುರನ್ನು ಮಾತ್ರ ಬಿಡಬೇಡಿ. ಉಳಿದ ಗಿಡ ಸುಮ್ಮನಿದ್ದಾಗಲೂ ಅದು ಚಿಗುರುತ್ತಲೇ ಇರುತ್ತದೆ, ಸಿಲ್ಲಿಡ್‌ಗೆ ವರ್ಷಪೂರ್ತಿ ತೊಟ್ಟಿಲು. ಗೇಣುದ್ದ ಇದ್ದಾಗಲೇ ಕೈಯಿಂದ ಮುರಿದರೆ ಕತ್ತರಿಯೂ ಬೇಕಿಲ್ಲ. ಕಸಿ ಮಾಡಿದ ಮೋಸಂಬಿಯಲ್ಲಿ ಕಸಿಯ ಗಂಟಿನ ಕೆಳಗಿಂದ ಬರುವ ಚಿಗುರಿಗೂ ಇದೇ ಗತಿ ಕಾಣಿಸಬೇಕು, ಅದು ಮೋಸಂಬಿಯೇ ಅಲ್ಲ. ರಂಗೋಲಿ ಬಿದ್ದ ಎಲೆಗಳನ್ನು ಕಿತ್ತು ಸುಡಿ ಎಂಬ ಹಳೆಯ ಸಲಹೆ ಈಗಲೂ ಅಚ್ಚಾಗುತ್ತಿದೆ. ದೊಡ್ಡ ಗಿಡಕ್ಕೆ ಅದು ಕೇಡೇ. ಗಾಯವಾದ ಎಲೆಯ ಉಳಿದ ಹಸಿರು ಭಾಗ ಗಿಡಕ್ಕೆ ಅನ್ನ ಮಾಡುತ್ತಲೇ ಇರುತ್ತದೆ. ಕಿತ್ತರೆ ಪಕ್ಕದ ಮೊಗ್ಗು ಒಡೆದು ಇನ್ನೊಂದು ಎಳೆ ಚಿಗುರು ಹುಳಕ್ಕೆ ಬಡಿಸಿದಂತೆ. ಕಜ್ಜಿ ರೋಗದ ಕಡ್ಡಿಗಳನ್ನು ತೆಗೆಯಬೇಕು, ಅದನ್ನು ಒಣ ಹವೆಯಲ್ಲಿ ವರ್ಷಕ್ಕೆ ಒಂದೇ ಸಲ ಮುಗಿಸಿ ಗಾಯಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಹಚ್ಚಬೇಕು.

ಇದು ಕೊಬ್ಬಿದ ಗಿಡದ ಕಥೆ. ಸೊರಗಿದ ಗಿಡಕ್ಕೆ ಬೇರೆಯದೇ ಗಿರಾಕಿಗಳು. ಆಸ್ಟ್ರೇಲಿಯಾದ ಟಿ.ಸಿ.ಆರ್. ವೈಟ್ 1969ರಲ್ಲಿ ನೀಲಗಿರಿ ಮರಗಳ ಸಿಲ್ಲಿಡ್ ಹಾವಳಿಗೂ ಹವೆಯಿಂದ ಮರ ಸೊರಗುವುದಕ್ಕೂ ನಂಟಿದೆ ಎಂದರು. ಸೊರಗಿದ ಎಲೆಯಲ್ಲಿ ಹುಳಕ್ಕೆ ದಕ್ಕುವ ಸಾರಜನಕ ಹೆಚ್ಚುತ್ತದೆ ಎಂಬುದು ಅವರ ವಾದ. 1991ರಲ್ಲಿ ಅಮೆರಿಕದ ಪೀಟರ್ ಪ್ರೈಸ್ ಇದಕ್ಕೆ ತಿರುಗಿಸಿ, ಎಷ್ಟೋ ಕೀಟಗಳಿಗೆ ಹುಲುಸಾಗಿ ಬೆಳೆಯುವ ಗಿಡವೇ ಇಷ್ಟ ಎಂದರು. ನಿಂಬೆ ತೋಟದಲ್ಲಿ ನಿಂತು ನೋಡಿದರೆ ಇಬ್ಬರದ್ದೂ ಸರಿ. ನೀಲಗಿರಿಯ ಸಿಲ್ಲಿಡ್ ಏನೇ ಮಾಡಲಿ, ನಿಂಬೆಯದ್ದು ಚಿಗುರಿನ ಪಕ್ಷ. ಕೆಂಪು ನುಸಿ ಸೊರಗಿನ ಪಕ್ಷ. ನಮ್ಮ ಕಲಬುರಗಿಯ ಪದ್ಧತಿಯ ತೊಡಕೇನೆಂದರೆ ಒಂದೇ ಗಿಡವನ್ನು ಒಂದೇ ವರ್ಷದಲ್ಲಿ ಎರಡೂ ಪಕ್ಷಕ್ಕೆ ಒಪ್ಪಿಸುತ್ತೇವೆ.

ಬೇಸಿಗೆಯ ಬೆಲೆಗಾಗಿ ಹಸ್ತ ಬಹಾರ, ಅಂದರೆ ಮಳೆಗಾಲ ಮುಗಿಯುವಾಗಿನ ಹೂವು, ಹಿಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದ ಕೊನೆಗೆ ನೀರು ನಿಲ್ಲಿಸಿ ಗಿಡ ಬಾಡಿಸಬೇಕು. ಆದರೆ ಸೆಪ್ಟೆಂಬರ್‌ನಲ್ಲಿ ಇಲ್ಲಿ ಒಳ್ಳೆಯ ಮಳೆ, ಎರೆಮಣ್ಣಿನಲ್ಲಿ ತೇವ ಆರುವುದೇ ಇಲ್ಲ. ಗಿಡ ಬಾಡುವ ಬದಲು ಚಿಗುರುತ್ತದೆ. ಕಾಗ್ಜಿ ಲಿಂಬಿಗೆ ಶಿಫಾರಸಿನಲ್ಲಿರುವ ಕ್ರಮ ಹೀಗಿದೆ: ಜೂನ್‌ನಲ್ಲಿ ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಹಾರ್ಮೋನು 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು), ಸೆಪ್ಟೆಂಬರ್‌ನಲ್ಲಿ ಸೈಕೋಸೆಲ್ 1000 ಪಿಪಿಎಂ, ಅಕ್ಟೋಬರ್‌ನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ನೂರಕ್ಕೆ 2ರಷ್ಟು. ಸೈಕೋಸೆಲ್ ನೂರಕ್ಕೆ 50ರ ಪ್ರಮಾಣದ ದ್ರಾವಣವಾದರೆ ಲೀಟರಿಗೆ 2 ಮಿಲಿ, ನೈಟ್ರೇಟ್ ಲೀಟರಿಗೆ 20 ಗ್ರಾಂ. ಹೂವಿನ ಔಷಧವೆಂದು ಎಲ್ಲರೂ ತಿಳಿದಿರುವ ಸೈಕೋಸೆಲ್ ಚಿಗುರನ್ನು ತಡೆಯುವ ಔಷಧವೂ ಹೌದು. ಸಿಂಪಡಿಸಿದ ವಾರದಲ್ಲೇ ಯೂರಿಯಾ ಕೊಟ್ಟವರು ಒಂದು ಕೈಯಿಂದ ಬ್ರೇಕು, ಇನ್ನೊಂದು ಕೈಯಿಂದ ಎಕ್ಸಿಲೇಟರು ಒತ್ತಿದಂತೆ. ಬಾಡಿಸಿದ ಗಿಡಕ್ಕೆ ಮತ್ತೆ ನೀರು ಬಿಡುವಾಗಲೂ ಮೊದಲ ಸಲ ಹಗುರ, ಕೆಲವು ದಿನ ಬಿಟ್ಟು ಪೂರ್ತಿ. ಒಮ್ಮೆಲೇ ಮಡಿ ತುಂಬಿಸಿದರೆ ಹೂವಿಗಿಂತ ಚಿಗುರೇ ಮುಂದೆ ಓಡುತ್ತದೆ.

ಇನ್ನು ನುಸಿ. ಮಾರ್ಚ್ ದಾಟಿದ ಮೇಲೆ ಬಲಿತ ಎಲೆಯ ಮೇಲ್ಮೈ, ನಡುನರದ ಆಚೀಚೆ, ಬೂದಿ ಎರಚಿದಂತೆ ಬೆಳ್ಳಗಾದರೆ ಅದು ನುಸಿ. ನೀರು ಸಾಲದ ಸಾಲುಗಳಲ್ಲಿ, ರಸ್ತೆ ಪಕ್ಕದ ಗಿಡಗಳಲ್ಲಿ ಮೊದಲು ಕಾಣುತ್ತದೆ. ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಕಲ್ಲುಗಣಿ ದಾರಿಗಳ ಧೂಳು ಎಲೆಯ ಮೇಲೆ ಕೂತರೆ ನುಸಿ ತಿನ್ನುವ ಮಿತ್ರ ಕೀಟಗಳು ಅಲ್ಲಿ ಓಡಾಡಲಾರವು. ವಾರಕ್ಕೊಮ್ಮೆ ಬರೀ ನೀರಿನಿಂದ ಜೋರಾಗಿ ಎಲೆ ತೊಳೆದರೆ ಅರ್ಧ ಕೆಲಸ ಆದಂತೆ. ಚಿಗುರು ಹುಳಕ್ಕೆಂದು ಇಮಿಡಾಕ್ಲೋಪ್ರಿಡ್ ಅಥವಾ ಪೈರಿಥ್ರಾಯ್ಡ್ ಗುಂಪಿನ ಔಷಧವನ್ನು ಪದೇ ಪದೇ ಹೊಡೆದ ತೋಟದಲ್ಲಿ ನುಸಿ ಉಕ್ಕುವುದು ಹೊಸದಲ್ಲ, ಅದನ್ನು ತಿನ್ನುವವರು ಮೊದಲು ಸತ್ತಿರುತ್ತಾರೆ. ನುಸಿಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಒಳ್ಳೆಯದೇ. ಆದರೆ ನಮ್ಮದು ಬಿಸಿಲನಾಡು. ಉಷ್ಣಾಂಶ 35 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ, ಕಾಯಿಗೆ ಕಲೆ ಕೂರುತ್ತದೆ. ಖನಿಜ ಎಣ್ಣೆಯನ್ನೋ ಬೇವಿನೆಣ್ಣೆಯನ್ನೋ ಹೊಡೆದು ಮೂರು ವಾರದೊಳಗೂ ಗಂಧಕ ಬೇಡ.

ಎಲೆ ಹಳದಿಯಾದರೆ ಎಲ್ಲವೂ ಹುಳವಲ್ಲ. ಸುಣ್ಣಕಲ್ಲಿನ ಎರೆಯಲ್ಲಿ ಸತು, ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಸತುವಿನ ಕೊರತೆಯನ್ನು ಸಿಲ್ಲಿಡ್ ಹರಡುವ ಗ್ರೀನಿಂಗ್ ರೋಗವೆಂದು ಗಾಬರಿಯಾಗಿ ಗಿಡ ಕಡಿಯುವುದೂ, ಗ್ರೀನಿಂಗ್ ಬಂದ ಗಿಡಕ್ಕೆ ವರ್ಷಗಟ್ಟಲೆ ಸತು ಹೊಡೆಯುತ್ತ ಸಿಲ್ಲಿಡ್‌ಗಳಿಗೆ ರೋಗ ಹಂಚಲು ಬಿಡುವುದೂ ನಡೆಯುತ್ತದೆ. ಪೆನ್ನು ತೆಗೆದುಕೊಂಡು ನಡುನರದ ಎರಡೂ ಬದಿ, ಒಂದೇ ಎತ್ತರದಲ್ಲಿ ಸಣ್ಣ ಸುತ್ತು ಹಾಕಿ. ಎರಡು ಸುತ್ತಿನೊಳಗೂ ಬಣ್ಣ ಒಂದೇ ತರಹ ಇದ್ದರೆ ಪೋಷಕಾಂಶದ ಕೊರತೆ. ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಹಸಿರು, ಹೀಗೆ ಎಲೆಯ ತುಂಬ ಅಡ್ಡಾದಿಡ್ಡಿ ಮಚ್ಚೆಯಿದ್ದರೆ ಗ್ರೀನಿಂಗ್ ಅನುಮಾನ, ಎಲೆಯನ್ನು ಪರೀಕ್ಷೆಗೆ ಕಳಿಸಬೇಕು. ಸತುವಿಗೆ 100 ಲೀಟರ್ ನೀರಿಗೆ 500 ಗ್ರಾಂ ಸತುವಿನ ಸಲ್ಫೇಟ್, 250 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿ ಸೋಸಿ, ಆಮೇಲೆ ಕೂಡಿಸಬೇಕು. ಸುಣ್ಣ ಬಿಟ್ಟರೆ ಎಳೆ ಎಲೆ ಸುಡುತ್ತದೆ. ಹೊಸ ಎಲೆ ಮೂರರಲ್ಲಿ ಎರಡು ಪಾಲು ಅಗಲವಾದಾಗ ಹೊಡೆದದ್ದು ಹತ್ತುತ್ತದೆ, ಬಲಿತ ಮೇಲೆ ಹೊಡೆದದ್ದು ಜಾರುತ್ತದೆ.

ಔಷಧ ಬೇಡವೇ ಬೇಡ ಎನ್ನುವ ಪಂಥ ನಮ್ಮದಲ್ಲ. ನಾಲ್ಕು ವರ್ಷದೊಳಗಿನ ಸಸಿಗಳಿಗೆ ಚಿಗುರೇ ಬಂಡವಾಳ, ಕಾಯಲೇಬೇಕು. ಕಾಗ್ಜಿ ಲಿಂಬಿಯ ಮಳೆಗಾಲದ ಚಿಗುರನ್ನೂ ಕಾಯಬೇಕು, ರಂಗೋಲಿ ಹುಳುವಿನ ಗಾಯದೊಳಗೆ ಮಳೆಹನಿ ಕಜ್ಜಿಯ ಬ್ಯಾಕ್ಟೀರಿಯಾ ತಂದು ಕೂರಿಸುತ್ತದೆ. ದೊಡ್ಡ ಮೋಸಂಬಿ ಗಿಡದಲ್ಲಿ ರಂಗೋಲಿ ಹುಳುವನ್ನು ಕಂಡೂ ಕಾಣದಂತೆ ಇರಬಹುದು. ಹೊಡೆಯುವ ದಿನ ಗೊತ್ತಾಗಲು ಐದು ಗಿಡ ಆರಿಸಿ, ಗಿಡಕ್ಕೆ ಹತ್ತರಂತೆ 50 ತುದಿ ನೋಡಿ. ಅರ್ಧದಷ್ಟರಲ್ಲಿ ಮೊಗ್ಗು ಒಡೆದಿದ್ದರೆ ಮೊದಲ ಸಿಂಪಡಣೆ, ಏಳರಿಂದ ಹತ್ತು ದಿನಕ್ಕೆ ಎರಡನೆಯದು. ಆ ಹೊತ್ತಿಗೆ ಎಲೆ ಸೆಟೆಯಲು ಶುರುವಾಗಿರುತ್ತದೆ, ಮೂರನೆಯದು ಯಾಕೆಂದು ಕೇಳಿಕೊಳ್ಳಿ. ಸಿಲ್ಲಿಡ್ ಎಣಿಸಲು ಟೊಂಗೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೋಲಿನಿಂದ ಮೂರು ಸಲ ಬಡಿದರೆ ಸಾಕು, ಹಾಳೆಯ ಮೇಲೆ ಬೀಳುತ್ತವೆ. ಹೂ ಬಿಟ್ಟಾಗ ಜೇನಿಗೆ ವಿಷವಾಗುವ ಯಾವುದನ್ನೂ ತರಬೇಡಿ.

ಮೊದಲ ಸಿಂಪಡಣೆಗೆ ಬೇವಿನ ಬೀಜದ ಕಷಾಯವೇ ಸಾಕು, ಅದರ ಕೆಲಸ ಮೊಟ್ಟೆ ಇಡದಂತೆ ಕಾಯುವುದು. 5 ಕಿಲೋ ಬೀಜದ ತಿರುಳನ್ನು ಕುಟ್ಟಿ ಬಟ್ಟೆಗಂಟು ಕಟ್ಟಿ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, 100 ಲೀಟರ್ ಮಾಡಿ 100 ಗ್ರಾಂ ಸಾಬೂನಿನ ಪುಡಿ ಕಲಸಬೇಕು. ಇದು ನಮ್ಮಲ್ಲಿ ಕೈಕೊಡುವುದು ನೀರಿನಿಂದ. ಬೋರ್‌ವೆಲ್‌ನ ಸವಳು ನೀರಿನ ಪಿಎಚ್ 8 ದಾಟಿರುತ್ತದೆ, ಬೇವಿನ ಸತ್ವ ಅದರಲ್ಲಿ ಬೇಗ ಒಡೆದುಹೋಗುತ್ತದೆ. ಲಿಟ್ಮಸ್ ತರಹದ ಪಿಎಚ್ ಪಟ್ಟಿ ಅದ್ದಿ, 6ಕ್ಕೆ ಇಳಿಯುವ ತನಕ ಹುಳಿ ಸೇರಿಸಿ. ಲಿಂಬಿ ತೋಟದಲ್ಲಿ ಹುಳಿಗೇನು ಬರ, ಕೆಳಗುದುರಿದ ಹಣ್ಣು ಹಿಂಡಿದರಾಯಿತು. ಕಲಸಿದ್ದನ್ನು ಅದೇ ಸಂಜೆ, ಬಿಸಿಲಿಳಿದ ಮೇಲೆ ಹೊಡೆದು ಮುಗಿಸಬೇಕು. ಸತ್ತ ಸಿಲ್ಲಿಡ್ ಮರಿಯ ಒಣ ತೊಗಲಿನ ಮೇಲೆ ತಲೆಯ ಹತ್ತಿರ ದುಂಡನೆಯ ತೂತು ಕಂಡರೆ ಟಮಾರಿಕ್ಸಿಯಾ ಎಂಬ ಪುಟ್ಟ ಕಣಜ ಕೆಲಸಕ್ಕೆ ಬಂದಿದೆ ಎಂದರ್ಥ. ಅಂಥ ಸಾಲಿಗೆ ಔಷಧ ಬೇಡ, ಗಿಡ ಹತ್ತುವ ಇರುವೆಯ ದಾರಿ ಕಟ್ಟಿ, ಅವು ಅಂಟಿನಾಸೆಗೆ ಹುಳವನ್ನು ಕಾವಲು ಕಾಯುತ್ತವೆ.

ಎಲೆ ಪರೀಕ್ಷೆಗೆ ಕೊಡುವಾಗ ಕೈಗೆ ಸಿಕ್ಕಿದ ಎಲೆ ಕೊಡಬೇಡಿ. ಕಾಯಿ ಇಲ್ಲದ ಟೊಂಗೆಯ, ವಸಂತದ ಚಿಗುರಿನಲ್ಲಿ ಬಂದು ನಾಲ್ಕರಿಂದ ಆರು ತಿಂಗಳಾದ ಎಲೆ ಬೇಕು, 15–20 ಗಿಡಗಳಿಂದ ಸುಮಾರು 100 ಎಲೆ. ಫ್ಲೋರಿಡಾದ ತೋಟಗಳ ಮಾನದಂಡದಲ್ಲಿ ಇಂಥ ಎಲೆಯಲ್ಲಿ ಸಾರಜನಕ ನೂರಕ್ಕೆ 2.5–2.7, ಪೊಟ್ಯಾಷಿಯಂ 1.2–1.7 ಇದ್ದರೆ ಸರಿ. ನಮ್ಮ ಮಣ್ಣಿಗೆ ಅದನ್ನು ಹಾಗೇ ಹೊಂದಿಸಬೇಕಿಲ್ಲ. ಆದರೆ ಸಾರಜನಕ ಮೇಲೆ, ಪೊಟ್ಯಾಷ್ ಕೆಳಗೆ ಇರುವ ವರದಿ ಕೈಗೆ ಬಂದರೆ ಮುಂದಿನ ಚಿಗುರಿಗೆ ಹುಳ ಬರುತ್ತದೆಂದು ಈಗಲೇ ಹೇಳಬಹುದು.

ತಮ್ಮಲ್ಲಿ ಕೋರುವುದು ಇಷ್ಟೇ. ಕೀಟದ ಪಟ್ಟಿ ಅಚ್ಚು ಹಾಕುವಾಗ ಪ್ರತಿ ಔಷಧದ ಮುಂದೆ ಎಲೆ ಯಾವ ಹಂತದಲ್ಲಿದ್ದಾಗ ಹೊಡೆಯಬೇಕು, ಯಾವಾಗ ಹೊಡೆದರೆ ದಂಡ ಎಂಬ ಒಂದು ಕಾಲಂ ಸೇರಿಸಿ. ಜೂನ್, ಅಕ್ಟೋಬರ್, ಫೆಬ್ರವರಿ ತಿಂಗಳ ಹವಾಮಾನದ ಸುದ್ದಿಯ ಪಕ್ಕ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಬೀದರ್‌ನ ತೋಟಗಾರಿಕಾ ಕಾಲೇಜನ್ನೋ ಕೇಳಿ, ಈ ವಾರ ಜಿಲ್ಲೆಯಲ್ಲಿ ಚಿಗುರು ಒಡೆಯುತ್ತಿದೆಯೇ, ಬಲಿತಿದೆಯೇ ಎಂದು ಎರಡು ಸಾಲು ಕೊಡಿ. ಜಾಗ ಸಾಲದಿದ್ದರೆ ಔಷಧದ ಹೆಸರುಗಳಲ್ಲಿ ನಾಲ್ಕು ಕಡಿಮೆ ಮಾಡಬಹುದು.

ಇಂತಿ,
ನಿಂಬೆ, ಮೋಸಂಬಿ ತೋಟಗಳ ಕೆಲಸದಲ್ಲಿರುವ ಕೆಲವು ಓದುಗರು
ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ